ಒಂದು ಕಂತಿಗೆ ಒಂದು ಜೋಡಿ: ಸ್ಪೇನಿನ ಟಿವಿ ಪ್ರೀತಿಯನ್ನು ಬಿಡಿಸಿ ನೋಡಿದ ಬಗೆ

'ಮೊಗಾಂಬೊ' ಅಂತ 1953ರ ಒಂದು ಹಾಲಿವುಡ್ ಸಿನಿಮಾ. ಗಂಡ ಹೆಂಡತಿ ಆಫ್ರಿಕಾದ ಕಾಡಿಗೆ ಬರುತ್ತಾರೆ. ಹೆಂಡತಿ ಗ್ರೇಸ್ ಕೆಲ್ಲಿ, ಕಾಡು ತೋರಿಸುವ ಬೇಟೆಗಾರ ಕ್ಲಾರ್ಕ್ ಗೇಬಲ್. ಅವರಿಬ್ಬರ ನಡುವೆ ಏನಾಗಬೇಕೋ ಅದು ಆಗುತ್ತದೆ. ಈ ಸಿನಿಮಾ ಸ್ಪೇನಿಗೆ ಬಂದಾಗ ಅಲ್ಲಿ ಸರ್ವಾಧಿಕಾರಿ ಜನರಲ್ ಫ್ರಾಂಕೊನ ಆಡಳಿತ. ಮದುವೆಯಾದ ಹೆಂಗಸು ಇನ್ನೊಬ್ಬನಿಗೆ ಮನಸೋಲುವುದನ್ನು ತೋರಿಸುವ ಹಾಗಿರಲಿಲ್ಲ. ಸೆನ್ಸಾರ್‌ನವರು ಒಂದು ಉಪಾಯ ಮಾಡಿದರು. ಡಬ್ಬಿಂಗ್‌ನಲ್ಲಿ ಗಂಡ ಹೆಂಡತಿಯನ್ನು ಅಣ್ಣ ತಂಗಿ ಮಾಡಿಬಿಟ್ಟರು. ಈಗ ಆಕೆ ಮದುವೆಯಾಗದ ಹುಡುಗಿ, ಯಾರನ್ನು ಮೆಚ್ಚಿದರೂ ತಪ್ಪಿಲ್ಲ. ಆದರೆ ಮಾತು ಬದಲಾದರೂ ಚಿತ್ರ ಬದಲಾಗಲಿಲ್ಲವಲ್ಲ! ತೆರೆಯ ಮೇಲೆ ಆ 'ಅಣ್ಣ ತಂಗಿ' ಗಂಡ ಹೆಂಡತಿಯ ಸಲುಗೆಯಲ್ಲೇ ಓಡಾಡಿಕೊಂಡಿದ್ದರು. ಹಾದರ ಮುಚ್ಚಲು ಹೋಗಿ ಅದಕ್ಕಿಂತ ದೊಡ್ಡದನ್ನು ತಲೆ ಮೇಲೆ ಎಳೆದುಕೊಂಡಂತಾಯಿತು.

ಸ್ಪೇನಿನಲ್ಲಿ ಇವತ್ತಿಗೂ ಈ ಕಥೆ ಹೇಳಿಕೊಂಡು ನಗುತ್ತಾರೆ. ನನಗೆ ಇದು ನೆನಪಾಗಿದ್ದಕ್ಕೆ ಕಾರಣ ಬೇರೆ. ಇಂಥ ದೇಶದಿಂದಲೇ ಈಗ ಲೋಕ ಒಪ್ಪದ ಪ್ರೀತಿಯ ಬಗ್ಗೆ ಒಂದರ ಹಿಂದೆ ಒಂದು ಸರಣಿ ಬರುತ್ತಿವೆ. ನೋಡಿದವರು 'ಎಷ್ಟು ಧೈರ್ಯ' ಅನ್ನುತ್ತಾರೆ. ಈ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ ಸಿದ್ಧ ಉತ್ತರವೂ ಇದೆ: ಫ್ರಾಂಕೊ ಸತ್ತ, ಕಾನೂನು ಬದಲಾಯಿತು, ನೆಟ್‌ಫ್ಲಿಕ್ಸ್ ಬಂತು. ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ಕಥೆಯ ಅಳತೆಯಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಒಂದು ಕಂತು ಎಷ್ಟು ನಿಮಿಷದ್ದು, ಒಂದು ಜೋಡಿ ನಮ್ಮ ಹಾಲ್‌ನಲ್ಲಿ ಎಷ್ಟು ದಿನ ಕೂರುತ್ತದೆ ಎನ್ನುವುದರ ಮೇಲೆ ಯಾವ ಪ್ರೀತಿಯನ್ನು ಹೇಳಬಹುದು, ಯಾವುದನ್ನು ಹೇಳಲಾಗದು ಎನ್ನುವುದು ನಿಂತಿದೆ.

ಆಂಥಾಲಜಿ, ಅಂದರೆ ಬಿಡಿ ಬಿಡಿ ಕಥೆಗಳ ಗೊಂಚಲು, ನಮಗೆ ಹೊಸದಲ್ಲ. ಪುಟ್ಟಣ್ಣ ಕಣಗಾಲ್ 1976ರಲ್ಲೇ 'ಕಥಾ ಸಂಗಮ'ದಲ್ಲಿ ಮೂರು ಕಥೆ ಪೋಣಿಸಿದ್ದರು. ಒಂದು ಕಥೆ ಮುಗಿದರೆ ಮುಗಿಯಿತು, ಆ ಪಾತ್ರಗಳು ಮತ್ತೆ ಬರುವುದಿಲ್ಲ. ಹೀಗೆ ಬಂದು ಹೋಗುವುದರಿಂದ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿದೆ. ವರ್ಷಗಟ್ಟಲೆ ಓಡಬೇಕಾದ ಧಾರಾವಾಹಿಯಲ್ಲಿ ಜೋಡಿಯನ್ನು ಎಲ್ಲರೂ ಇಷ್ಟಪಡಲೇಬೇಕು. ಒಂದೇ ರಾತ್ರಿಯ ಕಥೆಯಲ್ಲಿ ಆ ಹಂಗಿಲ್ಲ. ಅವರನ್ನು ಒಂದು ಗಂಟೆ ಸಹಿಸಿಕೊಂಡರೆ ಸಾಕು. ಮುಂದಿನ ವಾರ ಬೇರೆಯವರು.

ಸ್ಪೇನಿನ ಸರ್ಕಾರಿ ಟಿವಿ ಟಿವಿಇ ಶುರುವಾಗಿದ್ದು 1956ರಲ್ಲಿ. 1965ರಿಂದ ಅದರಲ್ಲಿ 'ಎಸ್ತೂದಿಯೊ ಉನೊ' ಎಂಬ ಕಾರ್ಯಕ್ರಮ ಬರುತ್ತಿತ್ತು. ಪ್ರತಿ ಸಲ ಒಂದು ನಾಟಕ, ಸ್ಟುಡಿಯೊದಲ್ಲೇ ಆಡಿ ಚಿತ್ರಿಸಿದ್ದು. 1966ರಲ್ಲಿ ಅದರಲ್ಲಿ 'ದೋನ್ ಹ್ವಾನ್ ತೆನೋರಿಯೊ' ಬಂತು. ಕಂಡ ಕಂಡ ಹೆಂಗಸರನ್ನು ಮರುಳು ಮಾಡುವವನ ಕಥೆ. ಕನ್ಯಾಮಠದ ಹುಡುಗಿಯನ್ನೂ ಬಿಡುವುದಿಲ್ಲ. ಹೆಂಡತಿಯ ಹಾದರ ಸಹಿಸದ ಸೆನ್ಸಾರ್ ಇದನ್ನು ಹೇಗೆ ಬಿಟ್ಟಿತು? ಎರಡು ಕಾರಣ. ಒಂದು, ಅದು ಹೊಸೆ ಸೊರಿಯ್ಯಾ 1844ರಲ್ಲಿ ಬರೆದ ಹೆಸರಾಂತ ನಾಟಕ, ಸತ್ತವರನ್ನು ನೆನೆಯುವ ನವೆಂಬರ್ ತಿಂಗಳಲ್ಲಿ ಅದನ್ನು ಆಡುವುದು ಅಲ್ಲಿನ ಪದ್ಧತಿ. ಇನ್ನೊಂದು, ಕೊನೆಯಲ್ಲಿ ಅವನು ಪಶ್ಚಾತ್ತಾಪಪಟ್ಟು ಸ್ವರ್ಗಕ್ಕೆ ಹೋಗುತ್ತಾನೆ. ಲೆಕ್ಕ ಸರಳ. ತಪ್ಪು ಮಾಡಬಹುದು, ಕೊನೆಯ ಅಂಕದಲ್ಲಿ ಬಿಲ್ ಕಟ್ಟಬೇಕು ಅಷ್ಟೇ.

ಆ ಕಾಲದ ಇನ್ನೊಂದು ವಸ್ತು ನನಗೆ ತುಂಬಾ ಇಷ್ಟ: ಟಿವಿ ಪರದೆಯ ಮೂಲೆಯಲ್ಲಿ ಕಾಣಿಸುತ್ತಿದ್ದ ಬಿಳಿ ವಜ್ರಾಕೃತಿ, ಇಸ್ಪೀಟಿನ ಡೈಮಂಡ್ ಥರ. ಒಂದು ಇದ್ದರೆ 14 ವರ್ಷ ಮೇಲ್ಪಟ್ಟವರಿಗೆ, ಎರಡು ಇದ್ದರೆ 18 ದಾಟಿದವರಿಗೆ. ಎರಡು ಕಂಡವೋ, ಮಕ್ಕಳು ಎದ್ದು ಮಲಗಲು ಹೋಗಬೇಕು. 'ಎರಡು ವಜ್ರ' ಅನ್ನುವುದು ಈಗಲೂ ಅಲ್ಲಿ ದೊಡ್ಡವರ ವಿಷಯಕ್ಕೆ ಅಡ್ಡ ಹೆಸರು. ನಮ್ಮ ಮನೆಯಲ್ಲಿ ವಜ್ರ ಇರಲಿಲ್ಲ. ಇಂಥ ದೃಶ್ಯ ಬಂದ ಕೂಡಲೇ ಅಪ್ಪನಿಗೆ ಕೆಮ್ಮು ಬರುತ್ತಿತ್ತು, ಅಮ್ಮನಿಗೆ ಒಲೆ ಮೇಲಿನ ಹಾಲು ನೆನಪಾಗುತ್ತಿತ್ತು. ಕೆಲಸ ಒಂದೇ ಅಲ್ವಾ.

1975ರ ನವೆಂಬರ್ 20ರಂದು ಫ್ರಾಂಕೊ ಸತ್ತ. ಆ ವರ್ಷದ ಮೇ ತಿಂಗಳವರೆಗೂ ಅಲ್ಲಿ ಮದುವೆಯಾದ ಹೆಂಗಸು ಬ್ಯಾಂಕ್ ಖಾತೆ ತೆರೆಯಲು, ಕೆಲಸಕ್ಕೆ ಸೇರಲು ಗಂಡನ ಒಪ್ಪಿಗೆ ಬೇಕಿತ್ತು. 1978ರಲ್ಲಿ ಹಾದರ ಅಪರಾಧವಲ್ಲ ಎಂದಾಯಿತು, ಗರ್ಭನಿರೋಧಕಗಳ ಮೇಲಿನ ನಿಷೇಧವೂ ಹೋಯಿತು. (ಹಾದರದ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿದ್ದು 2018ರಲ್ಲಿ, ಸರಿಯಾಗಿ 40 ವರ್ಷದ ಮೇಲೆ.) 1981ರ ಜುಲೈಯಲ್ಲಿ ವಿಚ್ಛೇದನ ಕಾನೂನು ಬಂತು. 1932ರಲ್ಲಿ ಆಗಿನ ಗಣರಾಜ್ಯ ಸರ್ಕಾರ ಕೊಟ್ಟು, 1939ರಲ್ಲಿ ಫ್ರಾಂಕೊ ಕಿತ್ತುಕೊಂಡಿದ್ದ ಹಕ್ಕು ಅದು.

ಕಾನೂನು ಬಂದರೆ ಸಾಕೇ? ಬಾಯಲ್ಲಿ ಮಾತು ಬರಬೇಕಲ್ಲ. ಅದನ್ನು ಕೊಟ್ಟಿದ್ದು 1983ರ 'ಅನಿಯೋಸ್ ದೆ ಓರೊ', ಅಂದರೆ ಚಿನ್ನದ ಉಂಗುರಗಳು. 13 ಕಂತುಗಳು. ಬರೆದವರು ನಾಟಕಕಾರ್ತಿ ಅನಾ ದಿಯೊಸ್ದಾದೊ, ನಿರ್ದೇಶನ ಪೆದ್ರೊ ಮಾಸೊ. ಕಥೆಯ ಎಳೆ ಇಷ್ಟೇ: ಲೋಲಾ ಎಂಬ ಗೃಹಿಣಿ ಮತ್ತು ರಮೋನ್ ಎಂಬ ಹುಡುಗ ಸೇರಿ ವಕೀಲರ ಕಚೇರಿ ತೆರೆಯುತ್ತಾರೆ. ಬರುವುದೆಲ್ಲ ಮದುವೆ ಮುರಿಯುವ ಕೇಸುಗಳು. ಲೋಲಾ ಪಾತ್ರ ದಿಯೊಸ್ದಾದೊ ಅವರದೇ, ರಮೋನ್ ಆಗಿ ಇಮಾನೋಲ್ ಆರಿಯಾಸ್. ಪ್ರತಿ ವಾರ ಒಂದು ಜೋಡಿ ಬಂದು ಮೇಜಿನ ಆಚೆ ಕೂರುತ್ತದೆ, ತನ್ನ ಪಾಡು ಹೇಳಿಕೊಳ್ಳುತ್ತದೆ, ಎದ್ದು ಹೋಗುತ್ತದೆ. ಹಾದರ, ಗರ್ಭಪಾತ, ಸಲಿಂಗ ಪ್ರೀತಿ, ಎಲ್ಲವೂ ಆ ಬಾಗಿಲಿನಿಂದ ಒಳಗೆ ಬಂದವು.

ಹೆಸರಿಗೆ ಇದು ಆಂಥಾಲಜಿ ಅಲ್ಲ, ಆದರೆ ಕೆಲಸದಲ್ಲಿ ಪಕ್ಕಾ ಆಂಥಾಲಜಿ. ವಕೀಲರ ಮೇಜು ಇಲ್ಲಿ ಬಹಳ ಜಾಣತನದ ಉಪಾಯ. ವಕೀಲ ಕಕ್ಷಿದಾರನನ್ನು ಒಪ್ಪಬೇಕಿಲ್ಲ, ಕೇಳಿಸಿಕೊಂಡರೆ ಸಾಕು. ನೋಡುವವನ ಕೆಲಸವೂ ಅದೇ ಆಗಿಬಿಡುತ್ತದೆ. ಅದೂ ಅಲ್ಲದೆ ಆಗ ದೇಶದ ಹೆಚ್ಚಿನ ಮನೆಗಳಲ್ಲಿ ಸರ್ಕಾರಿ ಟಿವಿ ಬಿಟ್ಟರೆ ಬೇರೆ ಗತಿಯಿರಲಿಲ್ಲ. ನಮ್ಮಲ್ಲಿ ದೂರದರ್ಶನವೊಂದೇ ಇದ್ದ ದಿನಗಳನ್ನು ನೆನೆಸಿಕೊಳ್ಳಿ. ಚರ್ಚಿಗೆ ಹೋಗುವ ಅಜ್ಜಿಯೂ ಮಾರನೇ ದಿನ ಅಂಗಡಿಯಲ್ಲಿ 'ನಿನ್ನೆ ಬಂದವರದು ಯಾರ ತಪ್ಪು?' ಎಂದು ಮಾತಾಡಬಹುದಿತ್ತು. ನೆರೆಮನೆಯವರ ವಿಚ್ಛೇದನದ ಬಗ್ಗೆ ಮಾತಾಡುವುದು ಕಷ್ಟ, ಟಿವಿಯವರ ವಿಚ್ಛೇದನ ಸುಲಭ.

1990ರಲ್ಲಿ ಖಾಸಗಿ ಚಾನೆಲ್‌ಗಳು ಬಂದವು. ಆಂತೆನಾ ತ್ರೆಸ್, ತೆಲೆಸಿಂಕೊ. ಜಾಹೀರಾತಿಗೆ ಪೈಪೋಟಿ ಬಂತು, ಜೊತೆಗೆ ಉದ್ದವೂ. ಸ್ಪೇನಿನ ಪ್ರೈಮ್ ಟೈಮ್ ಕಂತು 70 ನಿಮಿಷಕ್ಕೂ ಮೀರಿ ಎಳೆಯತೊಡಗಿತು. ರಾತ್ರಿಯ ಪೂರ್ತಿ ಜಾಗವನ್ನು ಒಂದೇ ಕಾರ್ಯಕ್ರಮದಲ್ಲಿ ತುಂಬಿಸುವ ವ್ಯಾಪಾರ ಅದು. 70 ನಿಮಿಷ ತುಂಬಿಸಲು ಒಬ್ಬ ಗಂಡು ಒಬ್ಬ ಹೆಣ್ಣು ಸಾಲದು. ತಾತ ಬೇಕು, ಮಗು ಬೇಕು, ಕಾಲೇಜು ಹುಡುಗ ಬೇಕು, ಮನೆ ಕೆಲಸದವಳು ಬೇಕು. ಮನೆಯ ಪ್ರತಿಯೊಬ್ಬರಿಗೂ ತನ್ನ ವಯಸ್ಸಿನ ಒಂದು ಪಾತ್ರ. ಇಂಥ ಹಂಚಿಕೆಯಲ್ಲಿ ಪ್ರೀತಿಗೆ ಸಿಗುವುದು ಹತ್ತು ನಿಮಿಷ, ಅದೂ ಎಲ್ಲರೂ ಒಟ್ಟಿಗೆ ಕೂತು ನೋಡುವಂಥದ್ದು. ವಿಚಿತ್ರ ಪ್ರೀತಿ ಅಂದರೆ ನಗೆಯ ಸಾಮಾನು. ತೊಂಬತ್ತರ ದಶಕವನ್ನು ಇಷ್ಟರಲ್ಲೇ ದಾಟಿಬಿಡಬಹುದು.

ಆದರೆ ಅದೇ ನಗೆಯೊಳಗಿಂದ ಒಂದು ಅಚ್ಚರಿ ಬಂತು. 2003ರಿಂದ 2006ರವರೆಗೆ ಆಂತೆನಾ ತ್ರೆಸ್‌ನಲ್ಲಿ ಓಡಿದ 'ಆಕಿ ನೊ ಆಯ್ ಕಿಯೆನ್ ವೀವಾ'. ಇಲ್ಲಿ ಯಾರೂ ಬದುಕಲಾಗದು ಎಂದು ಅರ್ಥ. ಮ್ಯಾಡ್ರಿಡ್‌ನ ದೆಸೆಂಗಾನ್ಯೊ ಬೀದಿಯ 21ನೇ ನಂಬರಿನ ಒಂದು ಹಳೆಯ ಕಟ್ಟಡ, ಅದರ ಫ್ಲ್ಯಾಟ್‌ಗಳು, ಅದರ ಮುಗಿಯದ ಮಾಲೀಕರ ಸಭೆ. ಲಿಫ್ಟ್ ಕೆಟ್ಟರೆ ಖರ್ಚು ಯಾರದು ಎಂದು ಗಂಟೆಗಟ್ಟಲೆ ಜಗಳ. ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಶನ್ ಮೀಟಿಂಗ್‌ನಲ್ಲಿ ಒಮ್ಮೆ ಕೂತವರಿಗೆ ಇದಕ್ಕೆ ಸಬ್‌ಟೈಟಲ್ ಬೇಡ. ಸುದ್ದಿ ಹರಡಲು ಮೂವರು ವಯಸ್ಸಾದ ಹೆಂಗಸರು ಇದ್ದಾರೆ. ಅವರ ಈ ಸುದ್ದಿಜಾಲದ ಹೆಸರು 'ರೇಡಿಯೊ ಪಾತಿಯೊ', ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಗಲಿ ರೇಡಿಯೊ.

ಈ ಕಟ್ಟಡದಲ್ಲಿ ಮೌರಿ ಮತ್ತು ಫೆರ್ನಾಂದೊ ಎಂಬ ಗಂಡು ಜೋಡಿಯೂ ಇದೆ. ಮೊದಲಿಗೆ ಫೆರ್ನಾಂದೊಗೆ ವಿಷಯ ಹೊರಗೆ ಗೊತ್ತಾಗುವುದೇ ಹೆದರಿಕೆ. ಆಮೇಲೆ ಮೌರಿ ಮತ್ತು ಬೆಯಾ ಎಂಬ ಹೆಣ್ಣುಮಗಳು ಸೇರಿ ಮಗು ಮಾಡಿಕೊಳ್ಳುತ್ತಾರೆ. ಅವಳಿಗೂ ಇಷ್ಟ ಹೆಂಗಸರೇ. ಇದು ಪ್ರೈಮ್ ಟೈಮ್ ಹಾಸ್ಯ ಧಾರಾವಾಹಿ ಎನ್ನುವುದನ್ನು ಮರೆಯಬೇಡಿ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಒಂದೇ: ಕಟ್ಟಡದವರು ಅವರ ಮೇಲೆ ಜಗಳ ತೆಗೆಯುವುದು ಎಲ್ಲರ ಮೇಲೆ ತೆಗೆಯುವ ಹಾಗೇ. ಅಲ್ಲಿ ಯಾರನ್ನೂ ಯಾರೂ ಬಿಡುವುದಿಲ್ಲ. ವಕೀಲರ ಮೇಜಿಗೆ ಬಂದವರು ಒಂದು ರಾತ್ರಿಯ ಅತಿಥಿಗಳಾದರೆ, ಇವರು ಪಕ್ಕದ ಮನೆಯವರು. ಒಂದೇ ಕಂತಿನ ಕಥೆಯಿಂದ ಆಗದ ಕೆಲಸ ಇದು. ಅಭ್ಯಾಸ ಆಗಬೇಕಾದರೆ ದಿನಗಳು ಬೇಕು.

ಸಂಸತ್ತು ಸಲಿಂಗ ವಿವಾಹಕ್ಕೆ ಒಪ್ಪಿದ್ದು ಇದೇ ಧಾರಾವಾಹಿ ಓಡುತ್ತಿದ್ದಾಗ, 2005ರ ಜೂನ್ 30ರಂದು. ಪರವಾಗಿ 187 ಮತ, ವಿರುದ್ಧ 147. ನೆದರ್ಲೆಂಡ್ಸ್, ಬೆಲ್ಜಿಯಂ ಬಿಟ್ಟರೆ ಮೂರನೆಯ ದೇಶ. ಒಂದು ಧಾರಾವಾಹಿಯಿಂದ ಕಾನೂನು ಬಂತು ಎಂದರೆ ಅದು ಸುಮ್ನೆ ಉತ್ಪ್ರೇಕ್ಷೆ. ಅಲ್ಲಿನ ಹೋರಾಟಗಾರರ ಮೂರು ದಶಕದ ದುಡಿಮೆಗೆ ಅವಮಾನವೂ ಹೌದು. ಕಾನೂನು ಬಂದಾಗ ಜನಕ್ಕೆ ಅಂಥ ಜೋಡಿಯ ಮುಖ ಪರಿಚಯವಿತ್ತು ಎನ್ನಬಹುದು, ಅಷ್ಟೇ. ಆ ಜುಲೈ 11ರಂದು ಮೊದಲ ಸಲಿಂಗ ವಿವಾಹ ಆಗಿದ್ದು ಮ್ಯಾಡ್ರಿಡ್ ಹತ್ತಿರದ ತ್ರೆಸ್ ಕಾಂತೋಸ್ ಎಂಬ ಸಣ್ಣ ಊರಿನ ಪುರಸಭೆಯಲ್ಲಿ. ತಮಾಷೆ ನೋಡಿ, 2019ರಲ್ಲಿ ನೆಟ್‌ಫ್ಲಿಕ್ಸ್ ಯುರೋಪಿನಲ್ಲಿ ತನ್ನ ನಿರ್ಮಾಣ ಕೇಂದ್ರ ತೆರೆದದ್ದೂ ಅದೇ ಊರಿನಲ್ಲಿ.

ನೆಟ್‌ಫ್ಲಿಕ್ಸ್ ಸ್ಪೇನಿಗೆ ಬಂದಿದ್ದು 2015ರಲ್ಲಿ. ಎರಡು ವರ್ಷಕ್ಕೆ ಅಲ್ಲಿನದೇ ಆದ ಚಂದಾ ಟಿವಿ ಮೊವಿಸ್ತಾರ್ ಪ್ಲಸ್ ಸ್ವಂತ ಸರಣಿ ಶುರು ಮಾಡಿತು. ಎಲ್ಲರೂ ಬರೆಯುವುದು ಹಣದ ಬಗ್ಗೆ. ನನ್ನ ಕಣ್ಣಿಗೆ ಬಿದ್ದಿದ್ದು ಗಡಿಯಾರ. ಜಾಹೀರಾತು ಇಲ್ಲ ಎಂದ ಮೇಲೆ 70 ನಿಮಿಷ ಏಕೆ? ಕಂತು 50ಕ್ಕೆ ಇಳಿಯಿತು, ಕೆಲವು 30ಕ್ಕೂ. ತಾತನನ್ನೂ ಮಗುವನ್ನೂ ಸುಮ್ಮನೆ ತುಂಬಿಸಬೇಕಾದ ಅಗತ್ಯ ಹೋಯಿತು. ಇಬ್ಬರನ್ನು ಒಂದು ಕೋಣೆಯಲ್ಲಿ ಬಿಟ್ಟು ನೋಡಬಹುದಾಯಿತು.

30 ನಿಮಿಷದ ಕಂತಿಗೆ ಒಳ್ಳೆಯ ಉದಾಹರಣೆ ಲೆತೀಸಿಯಾ ದೊಲೆರಾ ಬರೆದು, ನಿರ್ದೇಶಿಸಿ, ತಾವೇ ನಟಿಸಿದ 'ವೀದಾ ಪೆರ್ಫೆಕ್ತಾ', 2019ರದ್ದು. ಪರಿಪೂರ್ಣ ಬದುಕು ಎಂಬ ಹೆಸರೇ ಒಂದು ಕುಹಕ. ಮರಿಯಾ ಎಲ್ಲವನ್ನೂ ಪಟ್ಟಿ ಮಾಡಿ ಬದುಕುವವಳು. ಮನೆ ಸಾಲದ ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ಜೊತೆಗಾರ ಕೈಕೊಡುತ್ತಾನೆ. ಆಮೇಲೆ ಒಂದು ಪಾರ್ಟಿಯಲ್ಲಿ ಗಾರಿ ಎಂಬ ತೋಟಗಾರನ ಜೊತೆ ಒಂದು ಗಳಿಗೆ. ಅವನಿಗೆ ಬೌದ್ಧಿಕ ಅಂಗವೈಕಲ್ಯ ಇದೆ ಎಂದು ಅವಳಿಗೆ ಗೊತ್ತಾಗುವುದು ಆನಂತರ. ಅವಳು ಬಸುರಿ. ಅವನಿಗೆ ಅಪ್ಪನಾಗಬೇಕು.

ಇಲ್ಲಿ ಪ್ರಶ್ನೆ 'ಇದು ಸರಿಯೋ ತಪ್ಪೋ' ಅಲ್ಲ. ಯಾರು ಯಾರನ್ನು ಬಳಸಿಕೊಂಡರು? ಅವನ ಒಪ್ಪಿಗೆಗೆ ಬೆಲೆ ಎಷ್ಟು? ಅವನನ್ನು ಮಗುವಿನ ಹಾಗೆ ಕಂಡರೆ ಅದು ಕರುಣೆಯೋ ಅವಮಾನವೋ? ಸರಣಿ ಯಾವುದಕ್ಕೂ ಪೂರ್ತಿ ಉತ್ತರ ಕೊಡುವುದಿಲ್ಲ. ಗಾರಿಯನ್ನು ಪಾಪದ ಪ್ರಾಣಿ ಮಾಡದೆ ಇರುವುದು ಅದರ ದೊಡ್ಡ ಗುಣ. ಅವನಿಗೆ ಕೋಪ ಬರುತ್ತದೆ, ಆಸೆ ಆಗುತ್ತದೆ, ಹಟವಿದೆ. ಒಂದು ತಕರಾರೂ ಇದೆ, ನ್ಯಾಯವಾದದ್ದೇ. ಗಾರಿಯಾಗಿ ನಟಿಸಿದ ಎನ್ರಿಕ್ ಔಕೆರ್‌ಗೆ ಆ ವೈಕಲ್ಯವಿಲ್ಲ. ನಟನೆ ಎಷ್ಟೇ ಚೆನ್ನಾಗಿದ್ದರೂ, ಅಂಥವರ ಕಥೆಯಲ್ಲಿ ಮುಖ್ಯ ಪಾತ್ರ ಅಂಥವರಿಗೇ ಸಿಗದೆ ಹೋಯಿತಲ್ಲ ಎಂಬುದು ಕೊರೆಯುತ್ತದೆ. ಆ ವರ್ಷ ಕಾನ್ ನಗರದ ಸರಣಿಗಳ ಉತ್ಸವ ಕಾನ್‌ಸೀರೀಸ್‌ನಲ್ಲಿ ಅತ್ಯುತ್ತಮ ಸರಣಿ ಪ್ರಶಸ್ತಿ ಇದಕ್ಕೇ ಬಂತು.

ಮರುವರ್ಷ ಕೋವಿಡ್. ಮಾರ್ಚ್ 14ರಿಂದ ಸ್ಪೇನ್ ಪೂರ್ತಿ ಬಾಗಿಲು ಹಾಕಿತು. ಆಗ 'ಎನ್ ಕಾಸಾ', ಅಂದರೆ 'ಮನೆಯಲ್ಲಿ' ಎಂಬ ಐದು ಕಂತಿನ ಆಂಥಾಲಜಿ ಬಂತು. ಐವರು ನಿರ್ದೇಶಕರು ತಮ್ಮ ತಮ್ಮ ಮನೆಯಲ್ಲೇ ಚಿತ್ರಿಸಿದ್ದು. ದೊಲೆರಾ ಇದ್ದರು, ರೊದ್ರೀಗೊ ಸೊರೊಗೊಯೆನ್ ಎಂಬ ನಿರ್ದೇಶಕರೂ ಇದ್ದರು. ಗೋಡೆಗಳ ನಡುವೆ ಸಿಕ್ಕಿಬಿದ್ದ ಜೋಡಿಗಳನ್ನು ನೋಡುವ ಅಭ್ಯಾಸ ಅಲ್ಲಿಂದಲೇ ಗಟ್ಟಿಯಾಯಿತೋ ಏನೋ.

ಯಾಕೆ ಹೇಳಿದೆ ಎಂದರೆ, ಅದೇ ಸೊರೊಗೊಯೆನ್ 2024ರಲ್ಲಿ 'ಲೋಸ್ ಆನ್ಯೋಸ್ ನ್ವೇವೋಸ್' ಮಾಡಿದರು, ಹೊಸ ವರ್ಷಗಳು. ಹತ್ತು ಕಂತು. ಪ್ರತಿ ಕಂತೂ ಒಂದೊಂದು ಹೊಸ ವರ್ಷದ ರಾತ್ರಿ, ಹಗಲು. ಅನಾ ಮತ್ತು ಓಸ್ಕರ್ 30 ತುಂಬುವ ಹೊತ್ತಿಗೆ ಭೇಟಿಯಾಗುತ್ತಾರೆ. ಸ್ಪೇನಿನಲ್ಲಿ ಆ ನಡುರಾತ್ರಿ ಗಂಟೆಯ ಹನ್ನೆರಡು ಬಡಿತಕ್ಕೆ ಹನ್ನೆರಡು ದ್ರಾಕ್ಷಿ ನುಂಗಬೇಕು, ಅದು ಅಲ್ಲಿನ ಆಚಾರ. ಆಮೇಲೆ ಮತ್ತೆ ಅವರನ್ನು ನಾವು ಕಾಣುವುದು ಮುಂದಿನ ದ್ರಾಕ್ಷಿಗೆ. ನಡುವಿನ ದಿನಗಳಲ್ಲಿ ಏನಾಯಿತು ಎಂದು ಅವರ ಮುಖ ನೋಡಿ ನಾವೇ ಊಹಿಸಬೇಕು.

ಇದರಲ್ಲಿ ಲೋಕ ಒಪ್ಪದ್ದು ಏನೂ ಇಲ್ಲ. ಒಬ್ಬ ಡಾಕ್ಟರು, ಒಬ್ಬಳು ಬಾರ್‌ನಲ್ಲಿ ಕೆಲಸ ಮಾಡುವವಳು, ಗಂಡು, ಹೆಣ್ಣು. ಆದರೂ ನನಗೆ ಇದು ಧೈರ್ಯದ ಕೆಲಸ ಅನ್ನಿಸಿತು. ಒಂದೇ ಜೋಡಿಯನ್ನು ಹತ್ತು ಬೇರೆ ಬೇರೆ ಜೋಡಿಗಳ ಹಾಗೆ ತೋರಿಸುತ್ತಾರೆ. ಆಂಥಾಲಜಿಯ ಕತ್ತರಿಯನ್ನು ಒಂದೇ ಬಟ್ಟೆಗೆ ಹಾಕಿದ ಹಾಗೆ. ನಾಲ್ಕು ವರ್ಷದ ಹಿಂದಿನ ನೀವೂ ನಿಮ್ಮ ಮನೆಯವರೂ ಇವತ್ತಿನವರೇನಾ?

ಮಧ್ಯೆ ಇನ್ನೊಂದು ದಾರಿಯೂ ಇತ್ತು, ಕೆಳಗಿನಿಂದ ಬಂದದ್ದು. ಮಧ್ಯಾಹ್ನದ ದಿನನಿತ್ಯದ ಧಾರಾವಾಹಿ 'ಅಮಾರ್ ಎಸ್ ಪಾರಾ ಸಿಯೆಂಪ್ರೆ'ಯಲ್ಲಿ ಲೂಯಿಸೀತಾ, ಅಮೇಲಿಯಾ ಎಂಬ ಇಬ್ಬರು ಹುಡುಗಿಯರ ಪ್ರೀತಿ ಬಂತು. ಅಭಿಮಾನಿಗಳು ಇಬ್ಬರ ಹೆಸರು ಜೋಡಿಸಿ 'ಲೂಯಿಮೇಲಿಯಾ' ಅಂದರು. ಭಾಷೆ ಬರದ ದೂರದ ದೇಶದವರೂ ನೋಡಿದರು. 2020ರಲ್ಲಿ ಚಾನೆಲ್ ಇವರಿಬ್ಬರಿಗೇ ಪ್ರತ್ಯೇಕ ಸರಣಿ ಕೊಟ್ಟಿತು, ಎಪ್ಪತ್ತರ ದಶಕದಿಂದ ಎತ್ತಿ ಇಂದಿನ ಮ್ಯಾಡ್ರಿಡ್‌ಗೆ ತಂದು ಬಿಟ್ಟು. ಊಟ ಮಾಡಿ ಪಾತ್ರೆ ತೊಳೆಯುತ್ತ ಧಾರಾವಾಹಿ ನೋಡುವವರನ್ನು ಹಗುರವಾಗಿ ಕಾಣುವ ವಿಮರ್ಶಕರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಇದ್ದರೂ ನನಗೊಂದು ಅನುಮಾನ ಹೋಗಿಲ್ಲ. 1983ರಲ್ಲಿ ವಕೀಲರ ಮೇಜನ್ನು ಬೇಡದವರೂ ನೋಡಿದರು, ಬೇರೆ ಆಯ್ಕೆ ಹೆಚ್ಚಿರಲಿಲ್ಲವಲ್ಲ. ಈಗಿನ ಸರಣಿ ನೋಡಲು ತಿಂಗಳಿಗೆ ದುಡ್ಡು ಕಟ್ಟಬೇಕು. ಕಟ್ಟುವವರು ಜಾಸ್ತಿ ಪಾಲು ಮೊದಲೇ ಒಪ್ಪಿದವರು. ಒಪ್ಪದವರು ಎಲ್ಲಿದ್ದಾರೆ? 2023ರ ಮೇ ಸ್ಥಳೀಯ ಚುನಾವಣೆಯ ನಂತರ ಬಲಪಂಥದ ವೋಕ್ಸ್ ಪಕ್ಷ ಹಲವು ಊರುಗಳ ಆಡಳಿತದಲ್ಲಿ ಪಾಲು ಪಡೆಯಿತು. ಉತ್ತರದ ಸಾಂತಾ ಕ್ರೂಸ್ ದೆ ಬೆಸಾನಾ ಎಂಬ ಊರಿನಲ್ಲಿ ಆ ಬೇಸಿಗೆ ಮಕ್ಕಳಿಗೆ ತೋರಿಸಬೇಕಿದ್ದ ಒಂದು ಕಾರ್ಟೂನ್ ಸಿನಿಮಾ ಪಟ್ಟಿಯಿಂದ ಹೋಯಿತು. ಇಬ್ಬರು ಹೆಂಗಸರ ಒಂದು ಸಣ್ಣ ಮುತ್ತು ಅದರಲ್ಲಿದೆ. ಎರಡು ವಜ್ರ ಪರದೆಯಿಂದ ಹೋಗಿ ದಶಕಗಳಾದರೂ ಅದನ್ನು ಅಂಟಿಸುವ ಕೈಗಳು ಹೋಗಿಲ್ಲ.

ಕೊನೆಗೆ ಒಂದು ಸರಣಿ, ಇದರ ಬಗ್ಗೆ ಹೇಳಬೇಕೆಂದೇ ಇಷ್ಟು ಬರೆದೆ. 2024ರ 'ಕೆರೇರ್'. ನಿರ್ದೇಶಕಿ ಅಲೌದಾ ರುಯಿಸ್ ದೆ ಅಸೂವಾ. ನಾಲ್ಕೇ ಕಂತು, ಊರು ಬಿಲ್ಬಾವೊ. ಮಿರೆನ್ ಎಂಬ ಹೆಂಗಸು, ಮದುವೆಯಾಗಿ 30 ವರ್ಷ. ದೊಡ್ಡವರಾದ ಇಬ್ಬರು ಗಂಡು ಮಕ್ಕಳು. ಒಳ್ಳೆಯ ಮನೆ, ಮರ್ಯಾದಸ್ಥ ಗಂಡ. ಒಂದು ದಿನ ಮನೆ ಬಿಟ್ಟು ಬಂದು ದೂರು ಕೊಡುತ್ತಾಳೆ: ಇಷ್ಟು ವರ್ಷ ಗಂಡ ತನ್ನ ಮೇಲೆ ಅತ್ಯಾಚಾರ ಮಾಡಿದ್ದಾನೆ. ಮಕ್ಕಳು ಯಾರನ್ನು ನಂಬಬೇಕು?

ಹಿಂಸೆಯ ಒಂದು ದೃಶ್ಯವನ್ನೂ ಮುಂದಿಡದೆ ಸರಣಿ ನಡೆಯುತ್ತದೆ. ಒಂದು ಊಟದ ಮೇಜು, ಒಂದು ಹೋಟೆಲು, ಒಂದು ಕೋರ್ಟು. ಗಂಡ ಸುಮ್ಮನೆ ಒಂದು ಮಾತಾಡಿದರೆ ಕೋಣೆಯ ಗಾಳಿಯೇ ಬಿಗಿಯುತ್ತದೆ. ನೋಡುತ್ತ ನೋಡುತ್ತ ನಮಗೇ ಗೊತ್ತಾಗುತ್ತದೆ, ಈ ಮನೆಯಲ್ಲಿ ಎಲ್ಲರೂ ಅವನ ಮುಖ ನೋಡಿಕೊಂಡೇ ಉಸಿರಾಡುತ್ತಿದ್ದರು ಅಂತ. ನಾಲ್ಕು ಕಂತಿಗೂ ಹೆಸರಾಗಿ ಒಂದೊಂದು ಕ್ರಿಯಾಪದ: ಪ್ರೀತಿಸು, ಸುಳ್ಳಾಡು, ತೀರ್ಪು ಕೊಡು, ಕಳೆದುಕೊ.

ಈ ಕಥೆ ನಮಗೆ ದೂರದ್ದಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಹೆಂಡತಿಯೇ ಕೊಟ್ಟ ದೂರಿನಲ್ಲಿ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಗಂಡನಾದರೂ ಕೃತ್ಯ ಕೃತ್ಯವೇ ಎಂಬುದು ಆ ಆದೇಶದ ತಿರುಳು. ಅದೇ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನಿಗಿರುವ ವಿನಾಯಿತಿ ಹಾಗೇ ಉಳಿದಿದೆ.

'ಮೊಗಾಂಬೊ' ಕಾಲದ ಸೆನ್ಸಾರ್‌ಗೆ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಅಪಾಯ ಇರುವುದು ಮದುವೆಯ ಹೊರಗೆ. ಗಂಡ ಹೆಂಡತಿ ಎಂಬ ಚೀಟಿ ಅಂಟಿದ ಕೋಣೆಯೊಳಗೆ ಕ್ಯಾಮೆರಾ ಹೋಗಬೇಕಾದದ್ದೇ ಇಲ್ಲ. ಹಾದರ, ಸಲಿಂಗ ಪ್ರೀತಿ, ಗಾರಿಯ ಪ್ರೀತಿ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ನೋಡಿ ಬಂದ ಮೇಲೆ ಸ್ಪೇನಿನ ಟಿವಿ ಆ ಕೋಣೆಯ ಬಾಗಿಲು ತಟ್ಟಿತು.

'ಕೆರೇರ್' ಎಂಬ ಪದಕ್ಕೆ ಎರಡು ಅರ್ಥ, ಪ್ರೀತಿಸುವುದು ಮತ್ತು ಬೇಕು ಅನ್ನುವುದು. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಒಂದು ಪುಟ ಬೇಕಾದೀತು. ಕನ್ನಡದಲ್ಲಿ ಬೇಡ. ಮನೆಯವರನ್ನು, ಹತ್ತಿರದವರನ್ನು ನಾವು ಕರೆಯುವುದೇ 'ಬೇಕಾದವರು' ಅಂತ. ಯಾರಿಗೆ ಬೇಕಾದವರು, ಯಾರ ಬೇಕು, ಅವಳಿಗೆ ಬೇಕಿತ್ತೇ ಎಂದು ಮಿರೆನ್‌ಳನ್ನು 30 ವರ್ಷ ಯಾರೂ ಕೇಳಿರಲಿಲ್ಲ.